ಗಟ್ಟಿಯಾಗಿ ಓದುವ ಹಯಗ್ರೀವ ಮಾಸ್ಟ್ರು

ಹಯಗ್ರೀವ ಮಾಸ್ಟ್ರಿಗೆ ಮನಸ್ಸಿನಲ್ಲೇ ಓದಿಕೊಳ್ಳುವುದಕ್ಕೆ ಬರುವುದಿಲ್ಲ. ಕಣ್ಣಿಗೆ ಬಿದ್ದ ಅಕ್ಷರ ಬಾಯಿಗೆ ಬಾರದೆ ಅವರ ಹೊಟ್ಟೆಯೊಳಗೇ ಉಳಿದದ್ದನ್ನು ಉಡುಪಿಯ ನಮ್ಮ ಬನ್ನಂಜೆಯಲ್ಲಿ ಕಂಡವರಿಲ್ಲ. ಪಂಚಾಂಗವಿರಲಿ, ಪತ್ರಿಕೆಯಿರಲಿ, ಸಾಬೂನಿನ ಹೊದಿಕೆಯಿರಲಿ, ಮದುವೆಯ ಕಾಗದದ ಅಡಿಯಲ್ಲಿ ಉಡುಗೊರೆ ತರಬಾರದಾಗಿ ವಿನಂತಿಸುವ ಸಣ್ಣ ಸಾಲೇ ಇರಲಿ, ಎಲ್ಲವೂ ಅವರ ಕಂಠದಿಂದ ಒಂದೇ ಗಾಂಭೀರ್ಯದಲ್ಲಿ, ಒಂದು ಒತ್ತಕ್ಷರವೂ ಜಾರದ ಹಾಗೆ ಹೊರಬರುತ್ತದೆ. ಬಂದ ಮೇಲೆ 'ಅಂತ ಉಂಟು' ಎಂಬ ಮುದ್ರೆಯೊಂದು ಕೊನೆಗೆ ಬೀಳುತ್ತದೆ. ಬರೆದವನ ಮಾತು ಬರೆದವನದು, ತಾನು ಬರೀ ಬಾಯಿ ಎಂದು ಹೇಳುವ ಅವರದೇ ರೀತಿ ಅದು.

ಅವರ ನಡಿಗೆ ಕೆಟ್ಟದ್ದೂ ಈ ಓದಿನಿಂದಲೇ. ನಾಲ್ಕು ಹೆಜ್ಜೆ ದಡಬಡ ಹಾಕಿ ಗಕ್ಕನೆ ನಿಲ್ಲುತ್ತಾರೆ. ಎದುರಿಗೆ ಬೋರ್ಡೊಂದು ಇರುತ್ತದೆ. ಓದಿ, ಮುದ್ರೆ ಒತ್ತಿ, ಮತ್ತೆ ನಾಲ್ಕು ಹೆಜ್ಜೆ. ರಥಬೀದಿಗೆ ಕಾಲು ಗಂಟೆಯ ದಾರಿ. ಅವರ ಜೊತೆ ಹೊರಟರೆ ಊಟದ ಹೊತ್ತು ಮೀರುತ್ತದೆ. ಒಮ್ಮೆ ಮದ್ದಿನ ಅಂಗಡಿಯಲ್ಲಿ ಪಕ್ಕದ ಗಿರಾಕಿಯ ಕೈಯಲ್ಲಿದ್ದ ಮುಲಾಮಿನ ಡಬ್ಬಿಯನ್ನು, ಅದು ಶರೀರದ ಯಾವ ಭಾಗಕ್ಕೆ, ದಿನಕ್ಕೆ ಎಷ್ಟು ಸಲ ಎಂಬುದರ ಸಮೇತ, ಸುಶ್ರಾವ್ಯವಾಗಿ ಓದಿಬಿಟ್ಟರು. ಆ ಪುಣ್ಯಾತ್ಮ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಓಡಿದ. ಪಕ್ಕದಲ್ಲಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮಾಸ್ಟ್ರಿಗೆ ಮಾತ್ರ ಆದದ್ದೇನೆಂದು ತಿಳಿಯಲಿಲ್ಲ. "ಅದರಲ್ಲಿ ಹಾಗೆ ಉಂಟಲ್ಲ ಮಾರಾಯ್ರೆ, ನಾನು ಸೇರಿಸಿದ್ದು ಎಂತ ಉಂಟು?" ಎಂದರು.

ಕಾರ್ಕಳದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪ್ರತಿದಿನ ಬೆಳಗ್ಗೆ ಕರಿಯ ಕೋಟು ತೊಟ್ಟು ಉಡುಪಿಯಿಂದ ಬಸ್ಸು ಹಿಡಿಯುತ್ತಿದ್ದರು. ಕೋಟಿಗೆ ಈಗ ಪಾಚಿಯ ಬಣ್ಣ ಬಂದಿದೆ, ಗುಂಡಿಗಳು ಒಂದೊಂದು ಒಂದೊಂದು ಜಾತಿಯವು. ಆದರೆ ಬಲಜೇಬಿನಲ್ಲಿ ಗಂಟಲಿಗೆಂದು ಇಟ್ಟುಕೊಳ್ಳುವ ಕಲ್ಲುಸಕ್ಕರೆ ಮಾತ್ರ ಇವತ್ತಿನವರೆಗೆ ಖಾಲಿಯಾಗಿಲ್ಲ. ಆ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದ ಸ್ಟ್ಯಾನಿಸ್ಲಾಸರಿಗೂ ಇವರಿಗೂ ಇಡೀ ಸರ್ವಿಸ್ಸಿನಲ್ಲಿ ಮುಗಿಯದ ಒಂದು ವ್ಯಾಜ್ಯವಿತ್ತು. ಚಿತ್ರವೆಂಬುದು ಅಕ್ಷರ ಬಾರದವರು ಹಳ್ಳ ದಾಟಲೆಂದು ಹಾಕಿದ ಕಾಲುಸಂಕ, ಅಕ್ಷರ ಬಂದ ಮೇಲೆ ಅದರ ಹಂಗು ಏಕೆ ಎಂಬುದು ಹಯಗ್ರೀವ ಮಾಸ್ಟ್ರ ಸಿದ್ಧಾಂತ. ಮಕ್ಕಳ ಬೆಂಚಿನಡಿಯಿಂದ ಎಷ್ಟೋ ಚಿತ್ರಕಥೆಗಳನ್ನು ಅವರು ಹೊರಗೆಳೆದು ಬೀರುವಿಗೆ ಸೇರಿಸಿದ್ದರು. ಸ್ಟ್ಯಾನಿಸ್ಲಾಸರು ಜಗಳಕ್ಕೆ ನಿಲ್ಲುವವರಲ್ಲ. "ಮಾಸ್ಟ್ರೇ, ಚಿತ್ರಕ್ಕೆ ಬಾಯಿ ಬೇಡ, ಪುರುಸೊತ್ತು ಬೇಕು," ಎನ್ನುತ್ತ ಬ್ರಷ್ಷು ತೊಳೆಯಲು ಹೋಗಿಬಿಡುತ್ತಿದ್ದರು. ಆ ಮಾತನ್ನು ಹಯಗ್ರೀವ ಮಾಸ್ಟ್ರು ಬಹುಕಾಲ ನಗೆಯಾಡುವುದಕ್ಕೆಂದೇ ನೆನಪಿಟ್ಟುಕೊಂಡಿದ್ದರು.

ನಿವೃತ್ತರಾದ ಮೇಲೆ ಆ ಗಂಟಲಿಗೆ ಒಂದು ಉದ್ಯೋಗ ಬೇಕಾಯಿತು. ಮನೆಯಲ್ಲಿ ತಲೆತಲಾಂತರದಿಂದ ಪುರಾಣ ಓದುವ ಪದ್ಧತಿಯಿತ್ತು. ರಜಾದಿನಗಳಲ್ಲಷ್ಟೇ ಓದುತ್ತಿದ್ದ ಅದನ್ನು ಈಗ ಪ್ರತಿ ಶನಿವಾರ ಸಂಜೆಗೆ ನಿಗದಿ ಮಾಡಿಕೊಂಡರು. ಜಗಲಿಯಲ್ಲಿ ಅಜ್ಜನ ಕಾಲದ ವ್ಯಾಸಪೀಠ, ಗ್ರಂಥವನ್ನು ಬಿಡಿಸಿ ಇಡುವ ಆ ಮರದ ಕತ್ತರಿಪೀಠ. ಅದರ ಹಿಂದೆ ಅವರು, ಎದುರಿಗೆ ಚಾಪೆಯ ಮೇಲೆ ನಾವು. ನಾವೆಂದರೆ ದೊಡ್ಡ ಸಭೆಯೇನಲ್ಲ. ಆಚೆ ಮನೆಯ ನಾನು, ಶಂಕರಪುರದಿಂದ ಮಲ್ಲಿಗೆ ತಂದು ಮಾರಿ, ಬಸ್ಸು ಬರುವವರೆಗೆ ಉಳಿದ ಹೂವನ್ನು ಬಾಳೆನಾರಿನಲ್ಲಿ ಕಟ್ಟುತ್ತ ಕೂರುವ ಸುಂದರಿ, ಅಡುಗೆಮನೆಯ ಬಾಗಿಲಲ್ಲಿ ಮಾಸ್ಟ್ರ ಹೆಂಡತಿ ಶ್ರೀಮತಿಯಮ್ಮ. ಲೆಕ್ಕಕ್ಕೆ ಬಾರದ ಶ್ರೋತೃಗಳು ಗೇಟಿನ ಹೊರಗಿನ ಬಸ್‌ಸ್ಟಾಪಿನಲ್ಲಿರುತ್ತಿದ್ದರು. ಮಾಸ್ಟ್ರ ಕಂಠ ಕಂಪೌಂಡಿನ ಗೋಡೆಯನ್ನು ಲೆಕ್ಕಿಸುವಂಥದ್ದಲ್ಲ.

ಈ ಓದಿಗೆ ಅವರದೇ ಕಟ್ಟುಪಾಡುಗಳಿದ್ದವು. ಮೊದಲೇ ಪುಟ ತಿರುವಿ ನೋಡಿಕೊಂಡು ಬರಬಾರದು. ಹಾಗೆ ಬಂದವನು ಪುರಾಣ ಹೇಳುವುದಲ್ಲ, ಪಾಠ ಒಪ್ಪಿಸುವುದು. ಒಂದು ಸಾಲು ಓದಿದರೆ ಅದರ ಅರ್ಥವನ್ನು ಕೂತವರ ಭಾಷೆಯಲ್ಲಿ, ಎಂದರೆ ತುಳುವಿನಲ್ಲಿ, ಹೇಳಲೇಬೇಕು. ಹಿಡಿದ ಅಧ್ಯಾಯವನ್ನು ನಡುವೆ ನಿಲ್ಲಿಸಕೂಡದು. ಮನೆಗೆ ಬೆಂಕಿ ಬಿದ್ದರೂ ಮಂಗಳ ಹಾಡಿಯೇ ಏಳಬೇಕು. ಮಂಗಳವಾದ ಮೇಲೆ ಜೇಬಿನ ಕಲ್ಲುಸಕ್ಕರೆಯೇ ಪ್ರಸಾದ, ಅದರ ಮೊದಲ ತುಂಡು ಮಾನ್ಯಾಳಿಗೆ. ಮಾನ್ಯಾ ಅವರಿಗೆ ತಡವಾಗಿ ಹುಟ್ಟಿದ ಒಂದೇ ಮಗು. ತೊದಲುವ ಕಾಲದಿಂದ ಆ ಮಗು ಅಪ್ಪನ ಪೀಠದ ಪಕ್ಕದಲ್ಲಿ ಕೂತು, ಕಥೆ ಅರ್ಥವಾದರೂ ಆಗದಿದ್ದರೂ, ಕೈಯೊಡ್ಡಿಕೊಂಡು ಮಂಗಳಕ್ಕೆ ಕಾಯುತ್ತಿದ್ದದ್ದನ್ನು ನಾನೇ ಕಂಡವನು.

ಮಣಿಪಾಲದಲ್ಲಿ ಓದುತ್ತಿದ್ದ ಮಾನ್ಯಾ ಕೃಷ್ಣಾಷ್ಟಮಿಯ ಹಿಂದಿನ ದಿನ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡು ಮನೆಗೆ ಬಂದಾಗ ಶ್ರೀಮತಿಯಮ್ಮ ಸುಂದರಿಯ ಹತ್ತಿರ ಮೊಗ್ಗಿನ ಜಡೆಗೆಂದು ಹೂ ಹೇಳಿಟ್ಟಿದ್ದರು. ಅವರು ಅತ್ತರು. ಅದು ಸಹಜ, ಅಳು ಬಂದದ್ದು ಹೋಗುತ್ತದೆ. ಆದರೆ ಸಾಬೂನಿನ ಹೊದಿಕೆಯನ್ನು ಕೂಡ ಬಾಯಿಬಿಟ್ಟು ಓದುವ ಹಯಗ್ರೀವ ಮಾಸ್ಟ್ರು ಆವತ್ತು ಏನೊಂದನ್ನೂ ಆಡಲಿಲ್ಲ. "ಅಪ್ಪ, ನಾನು ಒಂದು ವಿಷಯ ಹೇಳಬೇಕು," ಎಂದದ್ದಕ್ಕೆ ಪತ್ರಿಕೆಯನ್ನು ಮಡಚಿಟ್ಟು ಹಿತ್ತಿಲಿಗೆ ಹೋದರಂತೆ. ಮಾನ್ಯಾ ಊಟ ಮಾಡದೆ ಮಣಿಪಾಲಕ್ಕೆ ಹಿಂತಿರುಗಿದ ಮೇಲೆ, ಬಸ್ಸು ಹತ್ತಿದರೆ ಕಾಫಿ ಆರುವುದರೊಳಗೆ ತಲುಪುವ ಆ ದಾರಿ ತಿಂಗಳುಗಟ್ಟಲೆ ಬಂದ್ ಆಯಿತು. ಶನಿವಾರಗಳು ನಡೆದವು. ಮಾಸ್ಟ್ರು ಮೊದಲ ತುಂಡನ್ನು ಎತ್ತಿ ಪೀಠದ ಮೂಲೆಯಲ್ಲಿ ಇಡುತ್ತಿದ್ದರು; ಬೆಳಗಾಗುವುದರೊಳಗೆ ಅದು ಇರುವೆಗಳ ಪಾಲಾಗುತ್ತಿತ್ತು.

ಹೀಗಿರುವಾಗ ಒಂದು ಶನಿವಾರ, ಮಾನ್ಯಾಳ ಗೆಳತಿ ಯಶ್ಮಿತಾ ಉಚ್ಚಿಲದ ತನ್ನ ಮನೆಗೆ ಹೋಗುವ ದಾರಿಯಲ್ಲಿ ಸ್ಕೂಟರು ನಿಲ್ಲಿಸಿ, ಮಾಸ್ಟ್ರ ಕೈಗೊಂದು ದಪ್ಪ ಪುಸ್ತಕ ಕೊಟ್ಟಳು. ಮಾನ್ಯಾ ಕಳಿಸಿದ್ದು, ಓದಿ ಮುಗಿದರೆ ಫೋನ್ ಮಾಡಬೇಕಂತೆ, ಮುಗಿಯದಿದ್ದರೆ ಮಾಡುವುದು ಬೇಡವಂತೆ ಎಂದಷ್ಟೇ ಹೇಳಿ ನಿಲ್ಲದೆ ಹೊರಟುಹೋದಳು. ಮಾಸ್ಟ್ರ ಮುಖ ಎಷ್ಟು ಅರಳಿತೆಂದರೆ, ಪೀಠದ ಮೇಲೆ ಆಗಲೇ ಬಿಡಿಸಿಟ್ಟಿದ್ದ ಭಾಗವತವನ್ನು ನಮಸ್ಕರಿಸಿ ಪಕ್ಕಕ್ಕಿಟ್ಟರು. "ಮಾನ್ಯಾ ಕಳಿಸಿದ್ದು. ಇವತ್ತು ಇದನ್ನೇ ಓದುವ," ಎಂದರು. ಒಂದು ಪುಟವನ್ನಾದರೂ ಮೊದಲು ನೋಡಿಕೊಳ್ಳಿ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಕೇಳುವ ಆಸಾಮಿಯೂ ಅಲ್ಲ.

ಕ್ರಮ ತಪ್ಪಲಿಲ್ಲ. ಮೊದಲು ಹೊದಿಕೆ, ಆಮೇಲೆ ಪ್ರಕಾಶಕರ ವಿಳಾಸ, ಅಚ್ಚಾದ ಊರು, ಅನುಮತಿಯಿಲ್ಲದೆ ಮುದ್ರಿಸಬಾರದೆಂಬ ಎಚ್ಚರಿಕೆ. ಎಲ್ಲದಕ್ಕೂ ತುಳುವಿನಲ್ಲಿ ಅರ್ಥ. ಸುಂದರಿ ವಾಡಿಕೆಯಂತೆ ಕೈಮುಗಿದಳು. ಪುಟ ತಿರುವಿದರೆ ಚೌಕ ಚೌಕವಾಗಿ ಚಿತ್ರಗಳು, ಮನುಷ್ಯರ ಬಾಯಿಂದ ಗುಳ್ಳೆಗಳಂತೆ ಹೊರಟ ಮಾತುಗಳು. ಯಾವುದೋ ಹಿಮ ಬೀಳುವ ಊರಿನವರೊಬ್ಬರು ತಮ್ಮ ಜೀವನವನ್ನು ತಾವೇ ಚಿತ್ರ ಬರೆದು ಹೇಳಿಕೊಂಡ ಆತ್ಮಕಥೆ ಅದು. ಮಾಸ್ಟ್ರಿಗೆ ಅರೆಕ್ಷಣ ಇರಿಸುಮುರಿಸಾಯಿತು. ಹಳೆಯ ವೈರಿ ಜಗಲಿ ಹತ್ತಿ ಕೂತಂತೆ. ಆದರೆ ಮಗು ಕಳಿಸಿದ್ದು. ಗುಳ್ಳೆಯ ಮಾತುಗಳನ್ನು ಓದಿ, ಎದುರಿಗೆ ಕೂತ ನಮಗೆ ಕಾಣದ ಚಿತ್ರಗಳನ್ನು ಬಾಯಲ್ಲಿ ಬಿಡಿಸುತ್ತ ಹೋದರು. ಹಿಮವೆಂದರೆ ಫ್ರಿಜ್ಜಿನ ಮೇಲಿನ ಗೂಡಿನಲ್ಲಿ ಕಟ್ಟುತ್ತದಲ್ಲ, ಅದೇ, ಊರಿಡೀ ಎಂದು ಸುಂದರಿಗೆ ವಿವರಿಸಿದರು. ಅವಳು ಅಯ್ಯೋ ಪಾಪ ಎಂದಳು.

ಆಮೇಲೆ ಬಂತು ಆ ಸಾಲು. ಇಂಗ್ಲಿಷಿನಲ್ಲಿ ಓದುವಾಗ ಅದು ಯಾರದೋ ದೂರದ ಮಾತಾಗಿತ್ತು. ಅರ್ಥ ಹೇಳುವುದಕ್ಕೆ ಬಾಯಿ ತೆರೆದಾಗ ಅದು ಹಯಗ್ರೀವ ಮಾಸ್ಟ್ರ ಸ್ವಂತ ಕಂಠದಲ್ಲಿ, ಅವರ ಮನೆಯ ಭಾಷೆಯಲ್ಲಿ, ಬನ್ನಂಜೆಯ ಸಂಜೆಯೊಳಗೆ ಹೊರಟಿತು. "ಎಲ್ಲರೂ ನನ್ನನ್ನು ಹುಡುಗಿ ಎಂದರು. ನಾನು ಹುಡುಗಿ ಅಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಅಂತ ಉಂಟು." ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮಾಸ್ಟ್ರು ತಲೆಯೆತ್ತದೆ ಮುಂದಿನ ಚೌಕಕ್ಕೆ ಹೋದರು.

ನಾಲ್ಕು ಪುಟ ಕಳೆದ ಮೇಲೆ ಸಮುದ್ರ ಬಂತು. ಬೇರೆ ಮಕ್ಕಳೆಲ್ಲ ನೀರಿಗಿಳಿದಿದ್ದಾರೆ, ಈ ಮಗು ಮಾತ್ರ ಅಂಗಿಯನ್ನು ಎರಡು ಕೈಯಲ್ಲಿ ಬಿಗಿಹಿಡಿದು ದಡದಲ್ಲಿ ನಿಂತಿದೆ ಎಂದರು. ಆ ಮೇಲೆ ದನಿ ತಗ್ಗಿಸಿ, "ಲೈಟ್‌ಹೌಸಿನ ಬಂಡೆಯ ಬುಡದಲ್ಲಿ, ಒಂದೇ," ಎಂದವರು ಅಲ್ಲಿಗೇ ನಿಂತುಬಿಟ್ಟರು. ಆ ಚಿತ್ರದಲ್ಲಿ ಲೈಟ್‌ಹೌಸ್ ಇಲ್ಲ, ಬಂಡೆಯೂ ಇಲ್ಲ. ಪುಸ್ತಕವನ್ನು ಆಮೇಲೆ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಂಡೆಯ ಮೇಲೆ ಲೈಟ್‌ಹೌಸ್ ಇರುವುದು ನಮ್ಮ ಹತ್ತಿರದ ಕಾಪುವಿನ ಕಡಲತೀರದಲ್ಲಿ. ಹಿಂದೆ ನಾನೂ ಜೊತೆಗಿದ್ದ ಒಂದು ಬೇಸಗೆಯಲ್ಲಿ ಹುಡುಗರೆಲ್ಲ ಅಂಗಿ ಕಳಚಿ ನೀರಿಗೆ ಓಡಿದಾಗ ಪುಟ್ಟ ಮಾನ್ಯಾಳೂ ಕಳಚಿ ಓಡಿದ್ದು, ಶ್ರೀಮತಿಯಮ್ಮ ಹಿಡಿದೆಳೆದು ಅಂಗಿ ತೊಡಿಸಿದ್ದು, ಮಾಸ್ಟ್ರು ಹತ್ತು ಜನರ ಎದುರಿಗೆ ಗದರಿದ್ದು, ಮಗು ಕತ್ತಲಾಗುವವರೆಗೆ ಆ ಬಂಡೆಯ ಬುಡದಲ್ಲೇ ಕೂತದ್ದು, ಆಮೇಲೆ ಯಾವತ್ತೂ ಸಮುದ್ರಕ್ಕೆ ಕಾಲಿಡದೆ ಉಳಿದದ್ದು, ಇವೆಲ್ಲ ಆ ಮನೆಯಲ್ಲಿ ಮಾತಿಗೆ ಬಾರದ ಸಂಗತಿಗಳು. ಪುಸ್ತಕದಲ್ಲಿ ಇಲ್ಲದ ಒಂದು ಶಬ್ದವನ್ನು ಹಯಗ್ರೀವ ಮಾಸ್ಟ್ರು ಜನ್ಮದಲ್ಲಿ ಮೊದಲ ಸಲ ತಾವಾಗಿ ಸೇರಿಸಿದ್ದರು. ಸೇರಿಸಿದ ಮೇಲೆ ಅವರಿಗೂ ತಿಳಿಯಿತು, ನಮಗೂ ತಿಳಿಯಿತು.

ಸುಂದರಿಯ ಬೆರಳುಗಳು ನಾರಿನ ಗಂಟಿನಲ್ಲೇ ನಿಂತವು. ಎದ್ದು ಹೋಗುವುದು ಸಭ್ಯತೆಯೋ, ಕೂತಿರುವುದು ಸಭ್ಯತೆಯೋ ನನಗೆ ಗೊತ್ತಾಗಲಿಲ್ಲ. ಮಾಸ್ಟ್ರ ಕೈ ಪುಸ್ತಕವನ್ನು ಮುಚ್ಚುವುದಕ್ಕೆಂದು ಅಂಚಿಗೆ ಹೋಯಿತು. ಮುಚ್ಚಿದರೆ ಮುಗಿಯಿತು, ಫೋನ್ ಇಲ್ಲ, ಮಗು ಇಲ್ಲ. ಆಗ ಬಾಗಿಲಿನಿಂದ ಶ್ರೀಮತಿಯಮ್ಮನ ದನಿ ಕೇಳಿತು; ಪುರಾಣದ ನಡುವೆ ಅವರು ಬಾಯಿ ಹಾಕಿದ್ದನ್ನು ಅಷ್ಟು ವರ್ಷಗಳಲ್ಲಿ ನಾನು ಕೇಳಿದವನಲ್ಲ.

"ಅಧ್ಯಾಯವನ್ನು ನಡುವೆ ನಿಲ್ಲಿಸಬಾರದು ಅಂತ ನೀವೇ ಹೇಳುದಲ್ವಾ? ಓದಿ."

ಮಾಸ್ಟ್ರು ಕಲ್ಲುಸಕ್ಕರೆಯೊಂದನ್ನು ಬಾಯಿಗೆ ಹಾಕಿಕೊಂಡರು. ಓದಿದರು. ಶಾಲೆಯ ಸಾಲಿನಲ್ಲಿ ಯಾವ ಕಡೆ ನಿಲ್ಲಬೇಕೆಂದು ತಿಳಿಯದ ಮಗುವನ್ನು, ಹಬ್ಬಕ್ಕೆ ಹೊಲಿಸಿದ ಲಂಗವನ್ನು ಕಂಡು ಜ್ವರ ತರಿಸಿಕೊಳ್ಳುವ ಮಗುವನ್ನು, ತನ್ನಂಥವರು ಲೋಕದಲ್ಲಿ ಬೇರೆ ಯಾರಾದರೂ ಇರಬಹುದೇ ಎಂದು ಲೈಬ್ರರಿಯ ಕಪಾಟುಗಳಲ್ಲಿ ಗುಟ್ಟಾಗಿ ಹುಡುಕುವ ಎಳೆಯ ಜೀವವನ್ನು ಓದಿದರು. ಪ್ರತಿಯೊಂದರಲ್ಲೂ 'ನಾನು' ಎಂಬುದು ಅವರ ಬಾಯಿಂದಲೇ ಹೊರಡಬೇಕಾಗಿತ್ತು, ಬೇರೆ ದಾರಿಯೇ ಇರಲಿಲ್ಲ. ಹೊರಡುತ್ತ ಹೊರಡುತ್ತ ಮೊದಲಿನ ತೊಡಕು ಸಡಿಲಿತು, ದನಿ ಮೆತ್ತಗಾಯಿತು, ಸಾಲಿನ ಕೊನೆಯ ಆ ಮುದ್ರೆ ಯಾವಾಗ ಬಿದ್ದುಹೋಯಿತೆಂದು ನಾನು ಗಮನಿಸುವಷ್ಟರಲ್ಲಿ ಅದು ಹೋಗಿ ಬಹಳ ಹೊತ್ತಾಗಿತ್ತು.

ಕೊನೆಯ ಹೊತ್ತಿಗೆ ಒಂದು ಇಡೀ ಪುಟ ಬಂತು, ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಹಯಗ್ರೀವ ಮಾಸ್ಟ್ರು ಬಾಯಿ ತೆರೆದರು, ಮುಚ್ಚಿದರು. ಕನ್ನಡಕ ಒರೆಸಿಕೊಂಡರು. "ಸ್ಟ್ಯಾನಿಸ್ಲಾಸ್ ಹೇಳುದುಂಟು, ಪುರುಸೊತ್ತು ಬೇಕು ಅಂತ," ಎಂದು ತಮಗೆ ತಾವೇ ಗೊಣಗಿದರು. ಬಳಿಕ ಪುರಾಣ ಹೇಳುವವರು ಎಂದೂ ಮಾಡದ ಕೆಲಸವೊಂದನ್ನು ಮಾಡಿದರು: ಪೀಠವನ್ನೇ ಸರಿಸಿ, ಪುಸ್ತಕ ಬಾಗಿಲಿನ ಕಡೆಗೂ ಕಾಣುವಂತೆ ಓರೆಯಾಗಿಟ್ಟು, ಹೆಂಡತಿಯನ್ನು ಹತ್ತಿರ ಕರೆದರು. ಶ್ರೀಮತಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಗಂಡನ ಪಕ್ಕದಲ್ಲಿ, ಮಾನ್ಯಾ ಕೂರುತ್ತಿದ್ದ ಜಾಗದಲ್ಲೇ ಕೂತರು. ಕನ್ನಡಿಯ ಎದುರಿಗೆ ನಿಂತ ಎಳೆಯ ಮುಖ, ಕೈಯಲ್ಲಿ ಕತ್ತರಿ, ನೆಲದ ತುಂಬ ಕತ್ತರಿಸಿದ ಕೂದಲು. ಇಬ್ಬರೂ ಬಹಳ ಹೊತ್ತು ನೋಡಿದರು.

"ನಗ್ತಾ ಉಂಟು," ಎಂದರು ಶ್ರೀಮತಿಯಮ್ಮ. ಆಮೇಲೆ, "ಆ ದಿನ ನಾನು ಕೂದಲು ಮಾತ್ರ ನೋಡಿದೆ. ಮುಖ ನೋಡಲಿಲ್ಲ."

ಬರೀ ಮಾತಿನ ಪುಸ್ತಕವಾಗಿದ್ದರೆ ಒಬ್ಬರು ಓದುವುದು, ಇನ್ನೊಬ್ಬರು ಎದುರು ಕೂತು ಕೇಳುವುದು, ವಾದ ಬಂದರೆ ವಾದಿಸುವುದು ನಡೆಯುತ್ತಿತ್ತೇನೋ. ಚಿತ್ರದ ಮುಂದೆ ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂರಬೇಕಾಗುತ್ತದೆ. ಅದರಲ್ಲಿದ್ದದ್ದು ಸಾವಿರಾರು ಮೈಲಿ ಆಚೆಯ ಯಾರದೋ ಮುಖ. ಆದರೆ ತಾವು ನೋಡದೆ ಬಿಟ್ಟ ಮುಖವನ್ನು ಇನ್ನೊಮ್ಮೆ ನೋಡುವ ಅವಕಾಶ ಆ ತಂದೆತಾಯಿಗೆ ಬೇರೆಲ್ಲಿಯೂ ಸಿಗುತ್ತಿರಲಿಲ್ಲ. ಇಂಥ ಪುಸ್ತಕಗಳಿಂದ ಪ್ರಯೋಜನವೇನೆಂದು ಕೇಳುವವರಿಗೆ ನಾನು ಕೊಡುವ ಉತ್ತರ ಆ ಜಗಲಿಯೇ.

ಪುಸ್ತಕ ಮುಗಿಯಿತು. ಹಿಂಬದಿಯ ಬೆಲೆಯನ್ನೂ ಓದಿದರು. ಮಂಗಳ ಹಾಡಲಿಲ್ಲ. ಮೊಬೈಲು ತೆಗೆದು, ಪರದೆಯ ಮೇಲಿನ ಹೆಸರನ್ನು ರೂಢಿಯಂತೆ ಗಟ್ಟಿಯಾಗಿ ಓದಿ ಒತ್ತಿದರು. ಗೇಟಿನ ಹೊರಗೆ ಬಸ್‌ಸ್ಟಾಪಿನಲ್ಲಿ ಫೋನೊಂದು ರಿಂಗಾಯಿತು. ನಮಗೆ ಯಾರಿಗೂ ತಟ್ಟನೆ ಹೊಳೆಯಲಿಲ್ಲ. ಮಾಸ್ಟ್ರು ಫೋನಿಗೆ ಹೇಳುತ್ತಿದ್ದರು: "ಮಾನ್ಯಾ, ಓದಿ ಆಯಿತು. ಮಂಗಳ ಆಗಲಿಲ್ಲ. ನೀನು ಬಾರದೆ ಮಾಡುವ ಹಾಗಿಲ್ಲ."

ಗೇಟು ಕಿರುಗುಟ್ಟಿತು. ಅಪ್ಪನ ಕಂಠ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಬಲ್ಲ ಮಗು ಬಸ್ಸಿಗೆ ಕಾಯುವವರ ನಡುವೆ ನಿಂತು, ಹೊದಿಕೆಯಿಂದ ಹಿಡಿದು ಬೆಲೆಯವರೆಗೆ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಮಾತಿಲ್ಲದ ಪುಟ ಬಂದು ಒಳಗೆ ಸದ್ದಡಗಿದಾಗ ಓದು ನಿಂತೇಹೋಯಿತೆಂದು ಭಾವಿಸಿ ಹೊರಟುಬಿಡುವುದರಲ್ಲಿದ್ದೆ ಎಂದು ಮಾನ್ಯಾ ನನಗೆ ಆಮೇಲೆ ಹೇಳಿದ್ದುಂಟು. ಬಸ್ಸು ತಡವಾದದ್ದು ನಮ್ಮೆಲ್ಲರ ಪುಣ್ಯ.

ಜಗಲಿಯ ಮೆಟ್ಟಿಲಲ್ಲಿ ನಿಂತ ಮಗನನ್ನು ಶ್ರೀಮತಿಯಮ್ಮ ಈ ಸಲ ಮುಖದಿಂದ ನೋಡತೊಡಗಿದರು, ಆಮೇಲೆ ತಲೆಯ ಮೇಲೆ ಕೈಯಾಡಿಸಿ, "ಇಷ್ಟು ಗಿಡ್ಡ ಮಾಡಿದರೆ ಶೀತ ಆಗುದಿಲ್ವಾ?" ಎಂದರು. ಮಾಸ್ಟ್ರು ಗಂಟಲು ಸರಿಪಡಿಸಿಕೊಂಡು, ಶಾಲೆಯ ಹಾಜರಿ ಕರೆಯುವ ಗಾಂಭೀರ್ಯದಲ್ಲಿ, ಇನ್ನು ಏನೆಂದು ಕರೆಯಬೇಕೆಂದು ಕೇಳಿದರು. "ಹೆಸರು ಅದೇ ಇರಲಿ ಅಪ್ಪ. ನೀವು ಇಟ್ಟದ್ದು, ನನಗೆ ಇಷ್ಟ ಉಂಟು." ಹಯಗ್ರೀವ ಮಾಸ್ಟ್ರು ಆಗ ಅತ್ತರು. ಅಳುತ್ತಲೇ ಮಂಗಳ ಹಾಡಿದರು. ಒಂದೆರಡು ಒತ್ತಕ್ಷರಗಳು ಜಾರಿದವು. ಮಾನ್ಯಾ ಕೈಯೊಡ್ಡಿದ. ಮೊದಲ ತುಂಡು ಆವತ್ತು ಇರುವೆಗಳಿಗೆ ಸಿಗಲಿಲ್ಲ. ಏಕೆಂದು ತಿಳಿಯದೆ ನಾನೂ ಸುಂದರಿಯೂ ನಕ್ಕೆವು.

ಸುಂದರಿ ಆವತ್ತು ಬಸ್ಸು ತಪ್ಪಿಸಿಕೊಂಡಳು. ಹೋಗುವಾಗ ಕಟ್ಟಿದ ಮಾಲೆಯನ್ನು ಪುಸ್ತಕದ ಮೇಲಿಟ್ಟು, ಮುಂದಿನ ಶನಿವಾರ ಇದನ್ನು ಇನ್ನೊಮ್ಮೆ ಓದಬಹುದೇ, ತನ್ನ ಅಮ್ಮನನ್ನು ಕರೆದುಕೊಂಡು ಬರಬೇಕು ಎಂದಳು. ಅವಳ ತಮ್ಮ ದೂಮಪ್ಪ ಹೂ ಮುಡಿದದ್ದಕ್ಕೆ ಪೆಟ್ಟು ತಿಂದು ಮನೆ ಬಿಟ್ಟವನೆಂಬುದು ನಮಗೆ ಗೊತ್ತಾದದ್ದೇ ಆಗ. ಮುಂಬಯಿಯಲ್ಲಿರುವ ಅವನ ನಂಬರು ತನ್ನ ಬಳಿ ಉಂಟು, ಅಮ್ಮನಿಗೆ ಗೊತ್ತಿಲ್ಲ ಎಂದಳು. ಮುದುಕಿ ಬಂದರು, ಎರಡು ಶನಿವಾರ ಕೇಳಿದರು. ಮೂರನೆಯ ವಾರ ಸುಂದರಿ ತಾನಾಗಿಯೇ ತಮ್ಮನಿಗೆ ಫೋನು ಮಾಡಿ ಅಮ್ಮನ ಕಿವಿಗೆ ಹಿಡಿದಳಂತೆ. ಹಯಗ್ರೀವ ಮಾಸ್ಟ್ರು ಈಗ ಪಾಚಿಬಣ್ಣದ ಕೋಟು ತೊಟ್ಟು ಮಗನ ಜೊತೆ ಮಣಿಪಾಲದ ಲೈಬ್ರರಿಗೆ ಹೋಗುತ್ತಾರೆ, ಅಂಥವೇ ಪುಸ್ತಕಗಳನ್ನು ಹುಡುಕಿ ತೆಗೆದು ಗಟ್ಟಿಯಾಗಿ ಓದಲು ಹೊರಟು ಬೈಸಿಕೊಳ್ಳುತ್ತಾರೆ, ಬಸ್ಸಿನಲ್ಲಿ ಮುಂದುವರಿಸುತ್ತಾರೆ. ಕಾರ್ಕಳಕ್ಕೂ ಒಮ್ಮೆ ಹೋಗಿ, ಚಿತ್ರವನ್ನು ಯಾವ ಮೂಲೆಯಿಂದ ಓದಲು ಶುರುಮಾಡಬೇಕೆಂದು ಸ್ಟ್ಯಾನಿಸ್ಲಾಸರನ್ನು ಕೇಳಿಕೊಂಡು ಬಂದರು. ಅವರು ಕಾಫಿ ಕೊಟ್ಟು ಕಳಿಸಿದರಂತೆ.

ಗಟ್ಟಿಯಾಗಿ ಓದುವವರ ಸಂತತಿ ನಮ್ಮಲ್ಲಿ ವಿರಳವಾಗುತ್ತಿದೆ. ಅವರ ಜೊತೆ ಪೇಟೆಗೆ ಹೋಗುವುದು ಕಷ್ಟ, ನೆರೆಯಲ್ಲಿ ಮಲಗುವುದು ಇನ್ನೂ ಕಷ್ಟ. ಮನಸ್ಸಿನಲ್ಲಿ ಓದುವ ನಮಗೆ ಒಂದು ಸೌಕರ್ಯವಿದೆ: ಹಿಡಿಸದ ಸಾಲನ್ನು ಯಾರಿಗೂ ತಿಳಿಯದ ಹಾಗೆ ದಾಟಿಬಿಡಬಹುದು, ಇನ್ನೊಬ್ಬರ ಸಂಕಟವನ್ನು ಕಣ್ಣಿನಲ್ಲೇ ತಡೆದು ನಿಲ್ಲಿಸಬಹುದು. ಅವರಿಗೆ ಆ ಕಳ್ಳದಾರಿಯಿಲ್ಲ; ಇನ್ನೊಬ್ಬರ 'ನಾನು' ಅವರ ನಾಲಗೆಯ ಮೇಲೆ ಒಂದು ಗಳಿಗೆಯಾದರೂ ತಂಗಿ ಹೋಗಲೇಬೇಕು, ತಂಗಿದ್ದರ ರುಚಿ ಉಳಿಯಲೇಬೇಕು. ಅರ್ಥವೆಲ್ಲ ಆಗಿ ಅವರು ಓದುತ್ತಾರೆಂದಲ್ಲ, ಓದುತ್ತ ಓದುತ್ತ ಆಗುತ್ತದೆ. ಗೇಟಿನ ಹೊರಗೆ ಬಸ್ಸಿಗೆಂಬಂತೆ ಯಾರು ಕಾಯುತ್ತ ನಿಂತಿದ್ದಾರೆಂದು ಓದುವವರಿಗೆ ತಿಳಿದಿರಬೇಕಾಗಿಲ್ಲ. ಅಲ್ಲಿಯವರೆಗೆ ಕೇಳುವ ಹಾಗೆ ಓದಿದರೆ ಸಾಕು.